ಕಥೆಯ ಕೊನೆ, ನೋಡುಗರ ಕೋಪ

ಕಥೆಯನ್ನು ಆರಂಭಿಸುವುದಕ್ಕಿಂತ ಮುಗಿಸುವುದು ಕಷ್ಟವೆಂದು ನಮ್ಮ ಗುರುಗಳು ಪಾಠದ ನಡುವೆ ಆಗಾಗ ಹೇಳುತ್ತಿದ್ದರು. ಆ ಮಾತು ನಮಗೆ ಮತ್ತೆ ನೆನಪಾದದ್ದು 2019ರ ಮೇ 20ರ ಸೋಮವಾರ ಮುಂಜಾನೆ. ಮದುವೆಯೊಂದರ ನಿಮಿತ್ತ ಬೆಂಗಳೂರಿಗೆ ಹೋಗಿ ಅಣ್ಣನ ಮಗನ ಮನೆಯಲ್ಲಿ ಉಳಿದಿದ್ದೆವು. ಪೂಜೆ ಮುಗಿಸಿ ಹೊರಗೆ ಬಂದಾಗ ಗಂಟೆ ಆರೂವರೆ. ಎಂಟಾದರೂ ಹಾಸಿಗೆ ಬಿಡದ ಮಕ್ಕಳು ಅಂದು ನೆರೆಮನೆಯ ಇಬ್ಬರು ತರುಣರೊಡನೆ ಟಿ.ವಿ.ಯ ಮುಂದೆ ಕಣ್ಣು ಮಿಟುಕಿಸದೆ ಕುಳಿತಿದ್ದರು. ಅಮೆರಿಕದಲ್ಲಿ ಭಾನುವಾರ ರಾತ್ರಿ ಒಂಬತ್ತಕ್ಕೆ ಪ್ರಸಾರವಾಗುವ ಧಾರಾವಾಹಿಯೊಂದು ಹಾಟ್‌ಸ್ಟಾರ್ ಮೂಲಕ ಅದೇ ಗಳಿಗೆಯಲ್ಲಿ ನಮ್ಮ ನಾಡಿಗೂ ಬರುತ್ತಿತ್ತು. ಅದರ ಹೆಸರು 'ಗೇಮ್ ಆಫ್ ಥ್ರೋನ್ಸ್'. ಅಂದು ಬಂದದ್ದು ಅದರ ಕಟ್ಟಕಡೆಯ ಕಂತು.

ಕಂತು ಮುಗಿಯಿತು, ಜಗಳ ಆರಂಭವಾಯಿತು. ಎಂಟು ವರ್ಷದ ಕಥೆಯನ್ನು ಆರು ಕಂತುಗಳಲ್ಲಿ ಹಾಳುಗೆಡವಿದರೆಂದು ಅಣ್ಣನ ಮೊಮ್ಮಗಳು ಕಣ್ಣಲ್ಲಿ ನೀರು ತಂದುಕೊಂಡಳು. ಅವಳ ತಮ್ಮನು, ಹೀಗೆಯೇ ಆಗುವುದೆಂದು ಮೊದಲಿನಿಂದಲೂ ಸೂಚನೆಯಿತ್ತು, ನಿನಗೇ ಕಾಣಲಿಲ್ಲ ಎಂದು ವಾದಿಸಿದನು. ಉಪಾಹಾರಕ್ಕೆ ಕರೆದರೂ ಯಾರೂ ಏಳಲಿಲ್ಲ. ಕೊನೆಗೆ ಅವಳು ನಮ್ಮ ಕಡೆ ತಿರುಗಿ, "ಅಜ್ಜಾ, ನೀವು ಅಲಂಕಾರಶಾಸ್ತ್ರ ಓದಿದವರು. ನೀವೇ ನ್ಯಾಯ ಹೇಳ್ರಿ" ಎಂದಳು.

ನೋಡದೆ ನ್ಯಾಯ ಹೇಳುವುದು ಹೇಗೆ? ಮೂರು ಸಂಜೆ ಅವಳೇ ಕಥೆಯನ್ನು ಹೇಳಿದಳು. ಕೊನೆಯ ಭಾಗವನ್ನು ನೋಡಬಾರದ್ದನ್ನು ಮುಂದಕ್ಕೆ ಓಡಿಸಿ ತೋರಿಸಿದಳು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಇದು ಮನೆಮಂದಿಯೆಲ್ಲ ಕೂಡಿ ನೋಡುವ ಧಾರಾವಾಹಿಯಲ್ಲ. ಕ್ರೌರ್ಯವೂ ನಗ್ನತೆಯೂ ಅದರಲ್ಲಿ ಮಿತಿಮೀರಿವೆ. ಓದುಗರ ಮನೆಗೆ ಅದನ್ನು ಶಿಫಾರಸು ಮಾಡುವ ಉದ್ದೇಶ ನಮಗಿಲ್ಲ. ಆದರೆ ಮಕ್ಕಳ ಜಗಳದಲ್ಲಿ ಕಾವ್ಯವಿಚಾರದ ಒಂದು ನಿಜವಾದ ಪ್ರಶ್ನೆಯಿತ್ತು. ನಾವು ಬರೆಯಹೊರಟದ್ದು ಅದರ ಬಗ್ಗೆ.

ಮೊದಲು ಕಥೆಯ ಮೂಲವನ್ನು ಹೇಳಬೇಕು. ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಅಮೆರಿಕದ ಲೇಖಕರು 1996ರಲ್ಲಿ ವೆಸ್ಟರೋಸ್ ಎಂಬ ಕಲ್ಪಿತ ದೇಶದ ಸಿಂಹಾಸನಕ್ಕಾಗಿ ನಡೆಯುವ ಹೋರಾಟದ ಕಾದಂಬರಿಮಾಲೆಯನ್ನು ಆರಂಭಿಸಿದರು. ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಎಂಬಿಬ್ಬರು ಅದನ್ನು ಎಚ್‌ಬಿಒ ವಾಹಿನಿಗಾಗಿ ರೂಪಾಂತರಿಸಿದರು. 2011ರ ಏಪ್ರಿಲ್ 17ರಿಂದ 2019ರ ಮೇ 19ರವರೆಗೆ ಒಟ್ಟು 73 ಕಂತುಗಳು ಪ್ರಸಾರವಾದವು. ಒಂದು ಸಲಕ್ಕೆ ಬರುವ ಕಂತುಗಳ ಗುಚ್ಛವನ್ನು ಅವರು ಸೀಸನ್ ಎನ್ನುತ್ತಾರೆ. ಮೊದಲ ಆರು ಸೀಸನ್ನುಗಳಿಗೆ ತಲಾ 10 ಕಂತು, ಏಳನೆಯದಕ್ಕೆ 7, ಎಂಟನೆಯದಕ್ಕೆ 6. ಓದುಗರು ಈ ಲೆಕ್ಕವನ್ನು ಗಮನದಲ್ಲಿಡಬೇಕು.

ಮೂಲ ಲೇಖಕರ ಐದನೆಯ ಸಂಪುಟ 2011ರಲ್ಲಿ ಬಂದಿತು. ಎಂಟು ವರ್ಷಗಳ ತರುವಾಯ ಧಾರಾವಾಹಿ ಮುಗಿದಾಗಲೂ ಆರನೆಯದು ಹೊರಬಂದಿರಲಿಲ್ಲ. ಹೀಗಾಗಿ 2016ರ ಆರನೆಯ ಸೀಸನ್ನಿನಿಂದ ರೂಪಾಂತರಕಾರರು ಪುಸ್ತಕವನ್ನು ದಾಟಿ ನಡೆಯಬೇಕಾಯಿತು. ಕೊನೆಯ ಮುಖ್ಯ ಘಟನೆಗಳನ್ನು ಮಾರ್ಟಿನ್ ಅವರಿಗೆ ತಿಳಿಸಿದ್ದರು. ಊರಿನ ಹೆಸರು ತಿಳಿದಿತ್ತು, ದಾರಿಯನ್ನು ತಾವೇ ಕಡಿದುಕೊಳ್ಳಬೇಕಿತ್ತು.

ಇನ್ನು ಜಗಳದ ವಿಷಯ. ಡೆನೆರಿಸ್ ಎಂಬ ರಾಜಕುಮಾರಿ ದೇಶಭ್ರಷ್ಟಳಾಗಿ ಬೆಳೆದು, ಮೂರು ಉರಗಪಕ್ಷಿಗಳಂಥ ಡ್ರ್ಯಾಗನ್‌ಗಳನ್ನು ಸಾಕಿ, ದಾಸ್ಯದಲ್ಲಿದ್ದ ಜನರನ್ನು ಬಿಡಿಸುತ್ತ ಬರುತ್ತಾಳೆ. ನೋಡುಗರು ಏಳು ಸೀಸನ್ ಅವಳನ್ನು ತಾಯಿಯೆಂದು ಕಂಡಿದ್ದರು. ಕೊನೆಯಿಂದ ಎರಡನೆಯ ಕಂತಿನಲ್ಲಿ ಅವಳು ರಾಜಧಾನಿಯನ್ನು ಗೆಲ್ಲುತ್ತಾಳೆ. ನಗರವು ಶರಣಾಗತಿಯ ಗಂಟೆಗಳನ್ನು ಬಾರಿಸುತ್ತದೆ. ಗಂಟೆಯ ನಾದ ಕೇಳಿದ ಮೇಲೆಯೂ ಅವಳು ನಗರವನ್ನೂ ಅದರ ನಿರಪರಾಧಿ ಜನರನ್ನೂ ಸುಡುತ್ತಾಳೆ.

ಇದು ಬರವಣಿಗೆಯ ದೋಷವೋ ಅಲ್ಲವೋ? ದೋಷವಲ್ಲವೆನ್ನುವವರ ವಾದ ದುರ್ಬಲವಾದದ್ದಲ್ಲ. ಮೊದಲ ಸೀಸನ್ನಿನಲ್ಲಿಯೇ ಸೋದರನ ತಲೆಯ ಮೇಲೆ ಕಾದ ಚಿನ್ನ ಸುರಿಯುವಾಗ ಅವಳು ಕದಲದೆ ನೋಡುತ್ತಾಳೆ. ನಾಲ್ಕನೆಯದರಲ್ಲಿ, 163 ಮಕ್ಕಳನ್ನು ಕೊಂದವರಿಗೆ ಪ್ರತೀಕಾರವಾಗಿ 163 ಒಡೆಯರನ್ನು ಕಂಬಗಳಿಗೆ ಮೊಳೆ ಹೊಡೆಸುತ್ತಾಳೆ. ಏಳನೆಯದರಲ್ಲಿ, ಮಂಡಿಯೂರದ ತಂದೆಮಗನನ್ನು ಜೀವಂತ ಸುಡಿಸುತ್ತಾಳೆ. ಆಗ ಚಪ್ಪಾಳೆ ತಟ್ಟಿದವರು ಈಗ ಅಳುವುದೇಕೆ ಎಂಬುದು ಮೊಮ್ಮಗನ ಪ್ರಶ್ನೆ. ಆ ಪ್ರಶ್ನೆ ನಮಗೂ ನಾಟಿತು.

ಆದರೆ ಭರತಮುನಿಗಳು ನಾಟಕದ ಕಥೆಗೆ ಐದು ಸಂಧಿಗಳನ್ನು ಹೇಳಿದ್ದಾರೆ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಬೀಜವನ್ನು ಮೊದಲು ಬಿತ್ತಿದ್ದರೆ ಸಾಲದು. ಕ್ರೋಧವೋ ವಿಪತ್ತೋ ಆಸೆಯೋ ಅಡ್ಡಬಂದು ಪಾತ್ರವನ್ನು ತಡೆದು ತೂಗಿನೋಡುವ ಘಟ್ಟವೊಂದು ಬೇಕು. ಅದೇ ವಿಮರ್ಶ. ಅದನ್ನು ದಾಟಿಯೇ ನಿರ್ವಹಣಕ್ಕೆ ಬರಬೇಕು. ಡೆನೆರಿಸಳ ಆಪ್ತ ಸೇನಾನಿ ಸಾಯುವುದು, ಎರಡನೆಯ ಡ್ರ್ಯಾಗನ್ ಬೀಳುವುದು, ಪ್ರಾಣಸಖಿಯ ತಲೆ ಕಡಿಯುವುದು, ಪ್ರಿಯಕರನಾದ ಜಾನ್ ಸ್ನೋನಿಗೇ ಸಿಂಹಾಸನದ ಮೇಲೆ ಹೆಚ್ಚಿನ ಹಕ್ಕಿದೆಯೆಂದು ತಿಳಿಯುವುದು, ಇವೆಲ್ಲ ಬಲವಾದ ಕಾರಣಗಳೇ. ಒಂದೊಂದಕ್ಕೂ ಹಿಂದಿನ ಸೀಸನ್ನುಗಳಲ್ಲಿ ನಾಲ್ಕೈದು ಕಂತು ದೊರೆಯುತ್ತಿದ್ದವು. ಇಲ್ಲಿ ಎಲ್ಲವನ್ನೂ ಮೂರು ಕಂತುಗಳ ಒಳಗೆ ತುರುಕಲಾಗಿದೆ. ಅವಳು ಒಳಗೊಳಗೆ ಮುರಿಯುವುದನ್ನು ನಾವು ಕಾಣುವುದಿಲ್ಲ, ಮುರಿದಾಗಿದೆಯೆಂಬ ಸುದ್ದಿ ಮಾತ್ರ ತಲಪುತ್ತದೆ. ಬೀಜವಿದೆ, ಫಲವಿದೆ, ನಡುವೆ ಮರವಿಲ್ಲ.

ಜೇಮಿ ಎಂಬ ಯೋಧನ ಪಾತ್ರಕ್ಕೆ ಆದದ್ದು ಇದಕ್ಕಿಂತ ಕೆಟ್ಟದ್ದು. ನಗರವನ್ನೇ ಸುಡಹೊರಟ ಹುಚ್ಚುದೊರೆಯನ್ನು ಕೊಂದು ಲಕ್ಷಾಂತರ ಜನರನ್ನು ಉಳಿಸಿ, ಅದಕ್ಕಾಗಿ ರಾಜಹಂತಕನೆಂಬ ಅಪಕೀರ್ತಿಯನ್ನು ಹೊತ್ತವನು ಅವನು. ಮೂರನೆಯ ಸೀಸನ್ನಿನಲ್ಲಿ ಅದನ್ನು ಹೇಳಿಕೊಳ್ಳುವ ದೃಶ್ಯವನ್ನು ಅಭಿಮಾನಿಗಳು ಇಂದಿಗೂ ಕೊಂಡಾಡುತ್ತಾರೆ. ಅಂಥವನ ಬಾಯಲ್ಲಿ ಕೊನೆಗೆ, ನಿರಪರಾಧಿಗಳ ಚಿಂತೆ ತನಗೆಂದೂ ಇರಲಿಲ್ಲವೆಂಬ ಮಾತನ್ನು ಹಾಕಿದ್ದಾರೆ. ಪಾಪಿ ಮತ್ತೆ ಪಾಪಕ್ಕೆ ಮರಳುವುದು ಲೋಕದಲ್ಲಿ ಉಂಟು, ಕಾವ್ಯದಲ್ಲಿಯೂ ಉಂಟು. ಆದರೆ ತಾವೇ ಬರೆದದ್ದನ್ನು ಬರೆದವರು ಮರೆಯಬಾರದು. ಕಡೆಗೆ ದೊರೆಯಾಗುವ ಬ್ರಾನ್ ಎಂಬವನ ಕಥೆಯೇ ಎಲ್ಲರ ಕಥೆಗಿಂತ ಮಿಗಿಲೆಂದು ಸಭೆಯಲ್ಲಿ ಹೊಗಳಿಕೆ ನಡೆಯುತ್ತದೆ. ಅವನು ಐದನೆಯ ಸೀಸನ್ನಿನಲ್ಲಿ ಒಂದು ಕಂತಿನಲ್ಲಿಯೂ ಇರಲಿಲ್ಲ! ಇದನ್ನು ಹೇಳುವಾಗ ಮೊಮ್ಮಗಳಿಗೇ ಅಳುವಿನ ನಡುವೆ ನಗು ಬಂದಿತು.

ಕೊನೆಯ ಕಂತನ್ನು ಅಮೆರಿಕದಲ್ಲಿ ಆ ಒಂದೇ ರಾತ್ರಿ 1 ಕೋಟಿ 93 ಲಕ್ಷ ಜನ ನೋಡಿದರೆಂದು ವಾಹಿನಿ ತಿಳಿಸಿತು. ಅದಕ್ಕೂ ಮೊದಲೇ, ಸಮರ್ಥ ಲೇಖಕರಿಂದ ಈ ಸೀಸನ್ನನ್ನು ಹೊಸದಾಗಿ ಬರೆಸಬೇಕೆಂಬ ಮನವಿಯೊಂದು ಹೊರಟಿತ್ತು. ಅದಕ್ಕೆ 15 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನಟಿ ಸೋಫಿ ಟರ್ನರ್ ಇದು ವರ್ಷಗಟ್ಟಲೆ ದುಡಿದವರಿಗೆ ಮಾಡಿದ ಅಗೌರವವೆಂದು ನೊಂದುಕೊಂಡರು. ಅವರ ನೋವೂ ಸಹಜವೇ. ಮೂರನೆಯ ಕಂತಿನ ಯುದ್ಧವೊಂದಕ್ಕೇ 55 ರಾತ್ರಿಗಳ ಚಿತ್ರೀಕರಣ ನಡೆದಿತ್ತು. ಅದೇ ಸೆಪ್ಟೆಂಬರಿನಲ್ಲಿ ಈ ಸೀಸನ್ನಿಗೆ ಎಮ್ಮಿ ಪ್ರಶಸ್ತಿಗಳು 12 ಬಂದವು, ಶ್ರೇಷ್ಠ ಧಾರಾವಾಹಿಯೆಂಬುದೂ ಅದರಲ್ಲಿ ಸೇರಿತ್ತು. ಬರವಣಿಗೆಯ ಪ್ರಶಸ್ತಿಗೂ ಹೆಸರು ಸೂಚಿತವಾಗಿತ್ತು, ಅದು ಮಾತ್ರ ಬೇರೆ ಧಾರಾವಾಹಿಗೆ ಹೋಯಿತು. ಪ್ರಶಸ್ತಿಗಳ ಮೇಲೆ ನಮಗೆ ಅಷ್ಟೊಂದು ಭರವಸೆಯಿಲ್ಲ. ಆದರೂ ಈ ಸಲ ತೀರ್ಪುಗಾರರೂ ಜಗಳಗಾರರೂ ಒಂದೇ ಕಡೆ ಬೆರಳಿಟ್ಟರೆನ್ನಬೇಕು.

ಮನವಿಗೆ ಸಹಿ ಹಾಕಿದವರನ್ನು ಹುಡುಗಾಟಿಕೆಯವರೆಂದು ತಳ್ಳಿಹಾಕಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಇನ್ನೊಬ್ಬರ ಕೃತಿಯನ್ನು ತಮಗೆ ಬೇಕಾದಂತೆ ಬರೆಸಿಕೊಳ್ಳುವ ಹಕ್ಕು ಅವರಿಗಿಲ್ಲ, ನಿಜ. ಆದರೆ ಎಂಟು ವರ್ಷ ಒಂದೊಂದು ಮಾತನ್ನೂ ನೆನಪಿಟ್ಟು, ಎಲ್ಲಿ ಎಳೆ ತಪ್ಪಿತೆಂದು ತೋರಿಸಬಲ್ಲವರನ್ನು ನಮ್ಮ ಶಾಸ್ತ್ರ ಸಹೃದಯರೆನ್ನುತ್ತದೆ.

ಬರೆದವರ ಮೇಲೂ ನಮಗೆ ಪೂರ್ಣ ಕೋಪ ಬರಲಿಲ್ಲ. ಅದಕ್ಕೆ ಕಾರಣವಿದೆ. ಬಾಣಭಟ್ಟನ ಕಾದಂಬರಿ ಅರ್ಧಕ್ಕೆ ನಿಂತಾಗ ಅವನ ಮಗನು ಪೂರೈಸಿದನು. ಕವಿತ್ವದ ಹೆಮ್ಮೆಯಿಂದಲ್ಲ, ಅಪೂರ್ಣತೆಗಾಗಿ ದುಃಖಿಸುವವರನ್ನು ಕಂಡು ತೊಡಗಿದೆನೆಂದು ಹೇಳಿಕೊಂಡನು. ನಮ್ಮಲ್ಲಿಯೂ ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಮುಂದುವರಿಸಿದನು. ಅಂಥ ಮಹನೀಯರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನಮಗಿಲ್ಲವಾದರೂ, ಆ ಕೆಲಸದ ಭಾರ ನಮಗೆ ತಿಳಿದಿದೆ. ನಮ್ಮ ಗುರುಗಳು ಒಂದು ಗ್ರಂಥಕ್ಕೆ ಟೀಕೆ ಬರೆಯುತ್ತ ಕೊನೆಯ ಎರಡು ಪ್ರಕರಣಗಳು ಉಳಿದಿರುವಾಗಲೇ ಲಿಂಗೈಕ್ಯರಾದರು. ಅವರು ಮುಖ್ಯ ಅಭಿಪ್ರಾಯಗಳನ್ನು ನಮಗೆ ಹೇಳಿದ್ದರು. ಸಮಾರಂಭದ ದಿನಾಂಕ ನಿಶ್ಚಯವಾಗಿತ್ತು, ಮುದ್ರಕರು ಅವಸರ ಮಾಡುತ್ತಿದ್ದರು. ನಾವು ನಲವತ್ತು ದಿನಗಳಲ್ಲಿ ಬರೆದುಕೊಟ್ಟೆವು. ಅಭಿಪ್ರಾಯಗಳೆಲ್ಲ ಅವರವೇ, ಒಂದೂ ತಪ್ಪಿರಲಿಲ್ಲ. ಆದರೆ ಒಂದೊಂದು ಪದದ ಬಳಿಯೂ ನಿಂತು, ಎದುರುಪಕ್ಷವನ್ನು ಮಾತನಾಡಿಸಿ, ಆಮೇಲೆ ಸಿದ್ಧಾಂತಕ್ಕೆ ಬರುವ ಅವರ ನಡಿಗೆ ಅಲ್ಲಿರಲಿಲ್ಲ. ಹಿರಿಯ ಓದುಗರೊಬ್ಬರು, ಮುನ್ನೂರನೆಯ ಪುಟದ ನಂತರ ಕೈ ಬದಲಾದಂತಿದೆಯಲ್ಲ ಎಂದು ಒಂದು ಕಾರ್ಡು ಬರೆದರು. ನಾವು ಅದಕ್ಕೆ ಉತ್ತರ ಬರೆಯಲಿಲ್ಲ.

ಬೆನಿಯಾಫ್, ವೈಸ್ ಅವರಿಗಾದರೋ ಅವಸರಪಡಿಸುವವರೂ ಇರಲಿಲ್ಲ. ಇನ್ನಷ್ಟು ಕಂತುಗಳಿಗೆ ವಾಹಿನಿಯೇ ಸಿದ್ಧವಿತ್ತು. ಹದಿಮೂರರಲ್ಲಿ ಮುಗಿಸುವೆವೆಂದದ್ದು ಅವರೇ. ಇದೊಂದನ್ನು ನಾವು ಮೊಮ್ಮಗಳ ಪಕ್ಷಕ್ಕೆ ಬರೆದುಕೊಟ್ಟೆವು. ಮೊಮ್ಮಗನಿಗೆ, ಡೆನೆರಿಸಳ ಕೊನೆ ಸರಿಯೆಂಬ ನಿನ್ನ ಮಾತು ನಿಲ್ಲುತ್ತದೆ, ಅಲ್ಲಿಗೆ ಕರೆದೊಯ್ದ ರೀತಿ ನಿಲ್ಲುವುದಿಲ್ಲವೆಂದೆವು. ಇಬ್ಬರಿಗೂ ಸಮಾಧಾನವಾಗಲಿಲ್ಲ.

ಊರಿಗೆ ಮರಳುವ ದಿನ ಮೊಮ್ಮಗಳಿಗೆ ಆ ಟೀಕೆಯ ಸಂಗತಿಯನ್ನು ಹೇಳಿದೆವು. ಮುಂದೆ ಗ್ರಂಥದ ಎರಡನೆಯ ಮುದ್ರಣದ ಮಾತು ಬಂದಾಗ ಕೊನೆಯ ಆ ಎರಡು ಪ್ರಕರಣಗಳನ್ನು ಹಿಂದಕ್ಕೆ ಪಡೆದು ಮತ್ತೆ ಬರೆಯಲು ಕುಳಿತೆವು. ಮೊದಲನೆಯದು ಮುಗಿದಿದೆ. ಮುದ್ರಕರು ಪ್ರತಿ ಯುಗಾದಿಗೂ ಕೇಳುತ್ತಾರೆ. ಈಗ ಉದ್ಯೋಗಕ್ಕೆ ಸೇರಿರುವ ಮೊಮ್ಮಗಳೂ ಫೋನಿನಲ್ಲಿ ಬಿಡದೆ ಕೇಳುತ್ತಾಳೆ: "ಅಜ್ಜಾ, ನಿಮ್ಮ ಕೊನೇ ಸೀಸನ್ ಎಲ್ಲೀತನಕ ಬಂತ್ರಿ?"