ದರೋಜಿಯ ಈರಮ್ಮನ ಕಂಠಭಂಡಾರ

ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿತೆಂದರೆ ಬಳ್ಳಾರಿ ಸೀಮೆಯ ಹಳ್ಳಿಗಳಿಗೆ ಬಿಡುವು. ಈಗಿನಂತೆ ಮನೆಮನೆಗೂ ಚಿತ್ರ ತೋರಿಸುವ ಯಂತ್ರಗಳಿಲ್ಲದ ಕಾಲದಲ್ಲಿ, ಸಿರುಗುಪ್ಪದ ಬತ್ತದ ಬಯಲಾಗಲಿ, ಕುರುಗೋಡಿನ ಕಲ್ಲುಗುಡ್ಡಗಳ ಬುಡದ ಊರುಗಳಾಗಲಿ, ಆ ಬಿಡುವಿನ ರಾತ್ರಿಗಳಲ್ಲಿ ಕಥೆ ಹೇಳುವವರ ದಾರಿ ಕಾಯುತ್ತಿದ್ದವು. ಊರ ಹೊರಗೆ ಬಿಡಾರ ಬೀಳುತ್ತಿತ್ತು. ಹಗಲು ಮನೆಮನೆಯ ಮುಂದೆ ನಿಂತು ಕಾಳುಕಡಿ ಬೇಡಿದವರೇ ರಾತ್ರಿ ಗುಡಿಯ ಮುಂದೆ ವಾದ್ಯ ನುಡಿಸಿ ರಾಜರನ್ನೂ ರಾಣಿಯರನ್ನೂ ಕರೆತರುತ್ತಿದ್ದರು. ಕಥೆ ಮುಗಿಯುವ ಹೊತ್ತಿಗೆ ಮೂಡಲಲ್ಲಿ ಬೆಳಕು ಹರಿಯುತ್ತಿತ್ತು. ಬಹುಸಲ ಕಥೆ ಮುಗಿಯುತ್ತಲೂ ಇರಲಿಲ್ಲ. ಮರುದಿನ ರಾತ್ರಿಗೆ ಉಳಿಯುತ್ತಿತ್ತು. ವಾರಪತ್ರಿಕೆಯ ಧಾರಾವಾಹಿಗಾಗಿ ಕಾಯುವ ವಾಚಕರಿಗೆ ಆ ಕಾತರವನ್ನು ವಿವರಿಸಬೇಕಾಗಿಲ್ಲ.

ಈ ಕಥೆಗೆ ಬುರ್ರಕಥೆಯೆಂದು ಹೆಸರು. ಇದನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದವರು ಬುಡ್ಗಜಂಗಮರೆಂಬ ಅಲೆಮಾರಿಗಳು. ಅವರಲ್ಲಿ ಹುಟ್ಟಿ, ಎಂಟು ದಶಕಗಳಿಗೂ ಮಿಕ್ಕು ಬಾಳಿ, ಒಂದು ಗ್ರಂಥಾಲಯವನ್ನೇ ಕಂಠದಲ್ಲಿ ಹೊತ್ತು ನಡೆದವರು ದರೋಜಿಯ ಈರಮ್ಮನವರು.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರೈಲುಮಾರ್ಗದಲ್ಲಿ ದರೋಜಿ ಎಂಬ ನಿಲ್ದಾಣವಿದೆ. ಊರು ಸಂಡೂರು ತಾಲ್ಲೂಕಿಗೆ ಸೇರಿದುದು. ದೊಡ್ಡದೊಂದು ಕೆರೆಗೂ, 1994ರಲ್ಲಿ ಸ್ಥಾಪಿತವಾದ ಕರಡಿಧಾಮಕ್ಕೂ ಅದು ಪ್ರಸಿದ್ಧ. ಪ್ರವಾಸಕ್ಕೆ ಬರುವವರು ಬಂಡೆಗಳ ಮೇಲೆ ಕರಡಿ ಕಂಡು ಸಂತೋಷಪಟ್ಟು ಹಿಂದಿರುಗುತ್ತಾರೆ. ಅದೇ ಊರಿನಲ್ಲಿ ಈರಮ್ಮನಿದ್ದರೆಂಬುದನ್ನು ತಿಳಿದವರು ಅವರಲ್ಲಿ ಎಷ್ಟು ಜನವೋ!

ಈರಮ್ಮ ಹುಟ್ಟಿದುದು 1930ರಲ್ಲಿ. ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಅಕ್ಷರ ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ. ತಂದೆಯೇ ಗುರು. ಬಾಲ್ಯದಲ್ಲಿ ಆತನ ಬಾಯಿಂದ ಬಿದ್ದುದು ಮಗಳ ಕಿವಿಗೆ, ಕಿವಿಯಿಂದ ಕಂಠಕ್ಕೆ. ಮುಂದೆ ಮನೆಯ ಹೆಂಗಸರನ್ನೇ ಜೊತೆಗಿಟ್ಟುಕೊಂಡು ಮೇಳ ಕಟ್ಟಿದರು. ಮುಖ್ಯ ಗಾಯಕಿ ಕಥೆಯನ್ನು ಎತ್ತಿ ನಡೆಸುವುದು, ಹಿಮ್ಮೇಳದವರು ಸೊಲ್ಲನ್ನು ಹಿಡಿದು ವಾದ್ಯ ನುಡಿಸುತ್ತ, ಹೂಂಗುಟ್ಟುತ್ತ, ನಡುನಡುವೆ ಪ್ರಶ್ನೆ ಕೇಳುತ್ತ ಅದನ್ನು ಮುಂದಕ್ಕೆ ನೂಕುವುದು ಈ ಕಲೆಯ ಕ್ರಮ. ಹಾಡು, ಮಾತು, ಹೆಜ್ಜೆ ಮೂರೂ ಅದರಲ್ಲಿ ಬೆರೆತಿರುತ್ತವೆ.

ತೆಲುಗಿನಲ್ಲಿ ಬುರ್ರ ಎಂದರೆ ಬುರುಡೆ. ತಂಬೂರಿಯ ಬುರುಡೆಯಿಂದ ಕಥೆಗೆ ಈ ಹೆಸರು ಬಂದಿತೆನ್ನುತ್ತಾರೆ. ಅದೇ ಶಬ್ದಕ್ಕೆ ತಲೆ, ಮಿದುಳು ಎಂಬ ಅರ್ಥವೂ ಉಂಟು. ಈರಮ್ಮನವರ ಮಟ್ಟಿಗೆ ಈ ಎರಡನೆಯ ಅರ್ಥವೇ ಸರಿಯೆಂದು ನನಗೆ ತೋರುತ್ತದೆ.

ಏಕೆಂದರೆ ಅವರ ತಲೆಯಲ್ಲಿದ್ದುದು ಹನ್ನೆರಡು ಜನಪದ ಮಹಾಕಾವ್ಯಗಳು. ಅಚ್ಚಿಗಿಳಿಸಿದರೆ ಸುಮಾರು 7,000 ಪುಟ ಎಂದು ಲೆಕ್ಕ ಹಾಕಿದ್ದಾರೆ. ಚೀಟಿ ಬರೆದುಕೊಳ್ಳದೆ ಅಂಗಡಿಗೆ ಹೋದರೆ ಅರ್ಧ ಸಾಮಾನು ಮರೆತು ಬರುವ ನಮ್ಮಂಥವರಿಗೆ ಈ ಸಂಖ್ಯೆ ಗಾಬರಿ ಹುಟ್ಟಿಸುತ್ತದೆ. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸರಾದ ಲೌರಿ ಹೊಂಕೊ ಅವರು ನಮ್ಮ ತುಳುನಾಡಿಗೆ ಬಂದು ಗೋಪಾಲ ನಾಯ್ಕರೆಂಬ ಗಾಯಕರಿಂದ ಸಿರಿ ಕಾವ್ಯವನ್ನು ಬರೆಸಿಕೊಂಡಾಗ ಅದು 15,683 ಸಾಲುಗಳಾಯಿತು. ಗ್ರೀಕರ ಇಲಿಯಡ್ ಕಾವ್ಯದಷ್ಟೇ ಉದ್ದವೆಂದು ಲೋಕ ಬೆರಗಾಯಿತು. ಈರಮ್ಮನ ಬಳಿ ಇದ್ದುವು ಹನ್ನೆರಡು ಕಾವ್ಯ!

ಇಷ್ಟನ್ನೂ ಒಬ್ಬ ಹೆಂಗಸು ಗಿಳಿಯಂತೆ ಉರುಹೊಡೆದಿದ್ದಳೇ? ಅಲ್ಲವೆಂದೇ ಹೇಳಬೇಕು. 1930ರ ದಶಕದಲ್ಲಿ ಅಮೆರಿಕದ ಮಿಲ್ಮನ್ ಪ್ಯಾರಿ ಎಂಬ ಪಂಡಿತನು ಯುಗೋಸ್ಲಾವಿಯದ ಹಳ್ಳಿಗಳಿಗೆ ಧ್ವನಿಮುದ್ರಣ ಯಂತ್ರವನ್ನು ಒಯ್ದು ಅಲ್ಲಿನ ಕಥನಗಾಯಕರನ್ನು ಪರೀಕ್ಷಿಸಿದನು. ಅವರಲ್ಲೊಬ್ಬ ನಿರಕ್ಷರಿಯು 1935ರಲ್ಲಿ ಹನ್ನೆರಡು ಸಾವಿರ ಸಾಲಿಗೂ ಮಿಕ್ಕ ಕಾವ್ಯವೊಂದನ್ನು ನುಡಿದನು. ಇಂಥ ಗಾಯಕರು ಪದಗಳನ್ನು ಬಾಯಿಪಾಠ ಮಾಡುವುದಿಲ್ಲವೆಂದು ಪ್ಯಾರಿ ಕಂಡುಕೊಂಡನು. ಕಥೆಯ ಎಲುಬುಗೂಡು ಅವರಲ್ಲಿ ಭದ್ರವಾಗಿರುತ್ತದೆ. ಕುದುರೆ ಸಿಂಗರಿಸುವ ವರ್ಣನೆ, ದಂಡು ಹೊರಡುವ ವರ್ಣನೆ, ತಾಯ ಗೋಳು ಇಂಥವು ಅಚ್ಚುಗಳಂತೆ ಸಿದ್ಧವಾಗಿರುತ್ತವೆ. ಕೇಳುವವರ ಮುಖ ನೋಡಿ, ಅವುಗಳನ್ನು ಹಿಗ್ಗಿಸಿ ಕುಗ್ಗಿಸಿ, ಹಾಡುವ ಗಳಿಗೆಯಲ್ಲೇ ಕಾವ್ಯವನ್ನು ಮತ್ತೆ ಕಟ್ಟುತ್ತಾರೆ. ಆದುದರಿಂದ ಇವರು ಬರಿಯ ಪಾಲಕರಲ್ಲ, ಕವಿಗಳು. ಆದರೆ ಒಂದು ಪಾಡು: ಕೇಳುವವರು ಎದ್ದುಹೋದರೆ ಕಾವ್ಯವೂ ಎದ್ದುಹೋಗುತ್ತದೆ.

ಈರಮ್ಮ ಹಾಡುತ್ತಿದ್ದ ಕಥೆಗಳಲ್ಲಿ ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ ಮುಂತಾದುವು ಇದ್ದುವು. ಅವೆಲ್ಲಕ್ಕಿಂತ ಕುಮಾರರಾಮನ ಕಥೆ ಈ ಮಣ್ಣಿಗೆ ಹತ್ತಿರದ್ದು. ಕಂಪಿಲರಾಯನ ರಾಜಧಾನಿಯಾದ ಕಂಪ್ಲಿ ದರೋಜಿಗೂ ಕುರುಗೋಡಿಗೂ ನೆರೆಯ ಊರು. ರಾಯನ ಮಗ ರಾಮ ಚೆಂಡಾಡುವಾಗ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನನ್ನು ಆಕೆ ಮೋಹಿಸುತ್ತಾಳೆ. ಆತ ತಾಯಿಯೆಂದು ಕೈ ಮುಗಿಯುತ್ತಾನೆ. ಆಕೆ ಸುಳ್ಳು ದೂರು ಹೊರಿಸುತ್ತಾಳೆ. ಮಗನ ತಲೆ ತೆಗೆಯಿರೆಂದು ರಾಯನ ಅಪ್ಪಣೆ. ಮಂತ್ರಿ ಬೈಚಪ್ಪನು ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ ಬೇರೊಬ್ಬನ ತಲೆಯನ್ನು ಒಪ್ಪಿಸುತ್ತಾನೆ. ದಿಲ್ಲಿಯ ದಂಡು ಬಂದೆರಗಿದಾಗ, ಸತ್ತನೆಂದುಕೊಂಡ ಮಗ ಎದ್ದು ಬಂದು ಕಾದುತ್ತಾನೆ. ಮುಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಕಂಪಿಲಿ ರಾಜ್ಯ ಅಳಿದುದು 1327ರ ಸುಮಾರಿನಲ್ಲಿ. ನಂಜುಂಡ ಕವಿಯು ಹದಿನಾರನೆಯ ಶತಮಾನದಲ್ಲಿ ಇದೇ ವಸ್ತುವನ್ನು ಸಾಂಗತ್ಯದಲ್ಲಿ ಬರೆದನು. ಅದನ್ನು ಓದಬಲ್ಲವರು ಓದಿದರು. ಓದಲಾರದ ಸಾವಿರಾರು ಜನಕ್ಕೆ, ಅಳಿದ ರಾಜ್ಯದ ನೆನಪನ್ನು ಹೊಸ್ತಿಲವರೆಗೆ ತಂದುಕೊಟ್ಟವರಲ್ಲಿ ಈ ಅಲೆಮಾರಿಗಳೂ ಇದ್ದರು.

ಭಾಷೆಯ ವಿಷಯದಲ್ಲೂ ಅವರು ಗಡಿ ಅರಿಯದವರು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮದರಾಸಿನಿಂದ ಮೈಸೂರಿಗೆ ಬಂದುವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದುವು. ನಕ್ಷೆಯ ಮೇಲೆ ಗೆರೆ ಬಿದ್ದರೂ ಬುರ್ರಕಥೆಯಲ್ಲಿ ಕನ್ನಡ ತೆಲುಗುಗಳು ಒಂದೇ ಒಲೆಯ ಮೇಲೆ ಬೇಯುತ್ತಿದ್ದುವು. ಆಂಧ್ರದಲ್ಲಿ ಶೇಕ್ ನಾಜರರಂಥ ಪ್ರತಿಭಾವಂತರು ಈ ಕಲೆಯನ್ನು ರಾಜಕೀಯ ಪ್ರಚಾರದ ವೇದಿಕೆಗೆ ಏರಿಸಿ ಹೆಸರು ಗಳಿಸಿದರು. ಸರ್ಕಾರ ಅವರನ್ನು 1986ರಲ್ಲಿ ಪದ್ಮಶ್ರೀಯಿಂದ ಗೌರವಿಸಿತು. ಈರಮ್ಮನವರದು ಹಳೆಯ ಹಾದಿ: ರಾತ್ರಿಯಿಡೀ ಹರಿಯುವ ಕಾವ್ಯ, ಹಾಡುವವರು ಹೆಂಗಸರು.

ಇಲ್ಲಿ ಒಂದು ಕಹಿಯನ್ನೂ ಹೇಳಬೇಕಾಗಿದೆ. ರಾತ್ರಿ ತಲೆದೂಗಿ ಕೇಳಿದ ಊರೇ ಬೆಳಗಾದ ಮೇಲೆ ಇವರನ್ನು ಅಂಗಳದಾಚೆಗೆ ನಿಲ್ಲಿಸುತ್ತಿತ್ತು. ಬುಡ್ಗಜಂಗಮರು ಪರಿಶಿಷ್ಟ ಜಾತಿಯವರು. ಕಾವ್ಯಕ್ಕೆ ಸಂದುದು ಸಂಭಾವನೆಯಲ್ಲ, ಭಿಕ್ಷೆ. ಸಂಗೀತ ಕಚೇರಿಗೆ ಟಿಕೆಟು ಕೊಂಡು ಹೋಗುವ ನಾವು, ಏಳು ಸಾವಿರ ಪುಟ ಹಾಡಬಲ್ಲ ಹೆಂಗಸಿನ ಸೆರಗಿಗೆ ಒಂದು ಬೊಗಸೆ ಜೋಳ ಸುರಿದು ಧರ್ಮ ಮಾಡಿದೆವೆಂದುಕೊಂಡೆವು.

ಮನ್ನಣೆ ಬಂದುದು ಇಳಿವಯಸ್ಸಿನಲ್ಲಿ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಸಂದಿತು. ಆಗ ಅವರಿಗೆ ಎಪ್ಪತ್ತರ ಸಮೀಪ. 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯನ್ನಿತ್ತಿತು. ನಾಡೋಜನೆಂದರೆ ನಾಡಿಗೇ ಗುರು. ಆದಿಕವಿ ಪಂಪನೊಡನೆ ಕೂಡಿ ಬಂದ ಬಿರುದು. ಕಾಗದದ ಮೇಲೆ ಒಂದಕ್ಷರವನ್ನೂ ಓದದ ಈರಮ್ಮ ಅದನ್ನು ಪಡೆದರು. ಅವರು ಹಾಡಿದ ಕಾವ್ಯಗಳಲ್ಲಿ ಕೆಲವನ್ನು ಜಾನಪದ ವಿದ್ವಾಂಸರು ಶ್ರಮಪಟ್ಟು ಬರೆದುಕೊಂಡು ಅಚ್ಚುಮಾಡಿಸಿದರು.

ಅಚ್ಚಿನ ಪುಟದಲ್ಲಿ ಸಾಲುಗಳೇನೋ ಉಳಿದುವು. ರತ್ನಾಜಿಯ ಮುಂದೆ ರಾಮ ಕೈಮುಗಿದು ನಿಂತಾಗ ವಾದ್ಯ ತಟ್ಟನೆ ನಿಲ್ಲಬೇಕೇ, ಮೆಲ್ಲಗೆ ಇಳಿಯಬೇಕೇ? ಕೇಳುವ ಹೆಂಗಸರು ಕಣ್ಣೊರಸಿಕೊಂಡರೆ ಆ ಸಂಕಟವನ್ನು ಇನ್ನೆಷ್ಟು ಹೊತ್ತು ಎಳೆಯಬೇಕು? ಮಕ್ಕಳು ತೂಕಡಿಸಿದರೆ ಯಾವ ನಗೆಮಾತನ್ನು ತರಬೇಕು? ಇದನ್ನೆಲ್ಲ ಪಕ್ಕದಲ್ಲಿ ಕುಳಿತು, ಹಿಮ್ಮೇಳ ಹಾಡಿ, ವರ್ಷಗಟ್ಟಲೆ ಊರೂರು ಸುತ್ತಿ ಕಲಿಯಬೇಕು. ಈರಮ್ಮ ತಂದೆಯಿಂದ ಕಲಿತುದು ಹಾಗೆ. ತಮ್ಮ ಮೇಳದ ಹೆಂಗಸರಿಗೆ ದಾಟಿಸಿದುದೂ ಹಾಗೆಯೇ.

2014ರ ಆಗಸ್ಟ್ 12ರಂದು, ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ, ಆ ಕಂಠ ನಿಂತಿತು.