ಎತ್ತರದ ನೆಲ ಒಣಗಿದಾಗ

ಮಣ್ಣಿನ ಹೂಜಿಯ ನೀರು ಬೇಸಗೆಯಲ್ಲಿಯೂ ತಣ್ಣಗಿರುವುದೇಕೆಂಬುದನ್ನು ಮನೆಯ ಮಕ್ಕಳೂ ಬಲ್ಲರು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ನೆಲದ ವಿಷಯವೂ ಇದೇ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಹಸಿಮಣ್ಣಿನ ಮೇಲೆ ಬಿದ್ದ ಬಿಸಿಲಿನ ಬಹುಪಾಲು ಅದಕ್ಕೇ ವ್ಯಯವಾಗುತ್ತದೆ. ಮಣ್ಣು ಒಣಗಿತೆಂದರೆ ಆ ಶಾಖವೆಲ್ಲ ಗಾಳಿಯ ಪಾಲು.

ತಗ್ಗಿನ ಬಯಲು ಒಣಗಿದರೆ ಮುಖ್ಯವಾಗಿ ಕಾಯುವುದು ನೆಲದ ಮಗ್ಗುಲಿನ ಗಾಳಿ. ಟಿಬೆಟ್ಟಿನ ಮಾತೇ ಬೇರೆ. ಸುಮಾರು 25 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಈ ಪ್ರಸ್ಥಭೂಮಿಯ ಸರಾಸರಿ ಎತ್ತರ 4,000 ಮೀಟರಿಗೂ ಮಿಗಿಲು. ಇಲ್ಲಿಯ ನೆಲ ಕಾದರೆ ವಾಯುಮಂಡಲದ ನಡುಭಾಗವೇ ನೇರವಾಗಿ ಬಿಸಿಯಾಗುತ್ತದೆ. ಅದರಿಂದ ಮೇಲಣ ಸ್ತರಗಳಲ್ಲಿ ಅಧಿಕ ಒತ್ತಡದ ಮಹಾಸುಳಿಯೊಂದು ಬಲಗೊಳ್ಳುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಮೇಲುಗಾಳಿಯ ಹೊನಲು ಅದನ್ನು ಬಳಸಿ, ಬಳುಕಿ, ಅಲೆಯಲೆಯಾಗಿ ಚೀನ ಜಪಾನುಗಳತ್ತ ಸಾಗುತ್ತದೆ. ಅಲೆಯ ಯಾವ ಭಾಗದಲ್ಲಿ ಗಾಳಿ ಕೆಳಗಿಳಿಯುವುದೋ ಅಲ್ಲಿ ಮೋಡ ಕಟ್ಟದು. ಇಳಿಯುವ ಗಾಳಿ ಅದುಮಿಕೊಂಡು ಇನ್ನಷ್ಟು ಕಾಯುತ್ತದೆ.

2018ರ ಜುಲೈಯಲ್ಲಿ ಈ ಮಹಾಸುಳಿ ಪೂರ್ವಕ್ಕೆ ಚಾಚಿ, ಶಾಂತಸಾಗರದ ಅಧಿಕ ಒತ್ತಡದ ವಲಯದ ಮೇಲೆ ಕಂಬಳಿಯಂತೆ ಹರಡಿತು. 23ರಂದು ಜಪಾನಿನ ಕುಮಗಾಯಾ ನಗರದಲ್ಲಿ 41.1 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಯಿತು. ಆ ವರ್ಷ ಆ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನ ಬಿಸಿಲಿನ ಝಳಕ್ಕೆ ಬಲಿಯಾದರು. ಇದರ ಹೊಣೆಯನ್ನೆಲ್ಲ ಟಿಬೆಟ್ಟಿನ ಮಣ್ಣಿಗೆ ಹೊರಿಸುವುದು ಅನ್ಯಾಯವಾದೀತು; ಏರುತ್ತಿರುವ ಭೂತಾಪವೂ ಅದರಲ್ಲಿ ಪಾಲುಗೊಂಡಿತ್ತು.

ಎತ್ತರದ ನೆಲ ದೂರದ ಋತುವನ್ನು ಆಳೀತೆಂಬ ವಿಚಾರವೇನೂ ಹೊಸದಲ್ಲ. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆ ಸೇರಿ ದಕ್ಷಿಣ ಭಾರತವೆಲ್ಲ ನಲುಗಿತಷ್ಟೆ. ಅದಾದ ಕೆಲವೇ ವರ್ಷಗಳಲ್ಲಿ, ಅಂದರೆ 1884ರಲ್ಲಿ, ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಹೆನ್ರಿ ಬ್ಲ್ಯಾನ್‌ಫೋರ್ಡ್ ಅವರು, ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದರೆ ಇಲ್ಲಿ ಮಳೆ ಹಿಂಜರಿಯುತ್ತದೆಂದು ಪ್ರತಿಪಾದಿಸಿದರು. ಬಿಸಿಲು ಹಿಮವನ್ನು ಕರಗಿಸಿ, ತೊಯ್ದ ನೆಲವನ್ನು ಆರಿಸುವುದರಲ್ಲೇ ಮುಗಿದರೆ ಗಾಳಿಯನ್ನು ಕಾಯಿಸಲು ಉಳಿಯುವುದೇನು? ಈ ಸೂತ್ರದ ಆಧಾರದ ಮೇಲೆಯೇ 1886ರ ಜೂನ್ 4ರಂದು ಮುಂಗಾರಿನ ಪ್ರಥಮ ದೀರ್ಘಾವಧಿ ಮುನ್ಸೂಚನೆ ಹೊರಬಂದಿತು. ಸೂತ್ರ ಎಲ್ಲ ವರ್ಷವೂ ಫಲಿಸಲಿಲ್ಲ. ಮುಂದೆ ಗಿಲ್ಬರ್ಟ್ ವಾಕರ್ ಅವರು ದೂರದ ಸಾಗರಗಳ ವಾಯುಭಾರದ ಕಡೆಗೂ ಕಣ್ಣು ಹಾಯಿಸಬೇಕಾಯಿತು.

ಮಣ್ಣು ತನ್ನ ತೇವವನ್ನೂ ಕಾವನ್ನೂ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತದೆ. ವಸಂತದಲ್ಲಿಯೇ ಅದನ್ನು ಅಳೆದರೆ ಬೇಸಗೆಯ ಬೇಗೆಯನ್ನು ಮುಂಚಿತವಾಗಿ ಅರಿಯಬಹುದೆಂಬುದು ಇಂದಿನ ವಿಜ್ಞಾನಿಗಳ ಆಸೆ. ತೊಡಕಿರುವುದು ಅಳೆಯುವುದರಲ್ಲಿಯೇ. ಟಿಬೆಟ್ಟಿನ ಪಶ್ಚಿಮ ಭಾಗದಲ್ಲಿ ವೀಕ್ಷಣಾಲಯಗಳು ಬಹಳ ವಿರಳ. ಉಪಗ್ರಹಗಳಿಗೆ ನೇರವಾಗಿ ಕಾಣುವುದು ಮೇಲ್ಪದರದ ಕೆಲವೇ ಸೆಂಟಿಮೀಟರುಗಳ ಪಸೆ. ಅದರ ಕೆಳಗಿನದನ್ನು ತಿಳಿಯಲು ನೆಲವನ್ನು ಅಗೆದು ಉಪಕರಣವನ್ನೇ ಹೂಳಬೇಕು.