ಗಡಿ ದಾಟುವ ಟ್ರಾಮು ಮತ್ತು ಅಪ್ಪನ ಪ್ರಶ್ನೆ

ಮೊನ್ನೆ ಶನಿವಾರ ಟ್ರಾಮಿನಲ್ಲಿ ಕೂತಿದ್ದಾಗ ಊರಿನಿಂದ ಅಪ್ಪನ ಫೋನು.

"ಎಲ್ಲಿದ್ದೀಯೋ?"

"ಬೆಂಡೆಕಾಯಿ, ಕೊತ್ತಂಬರಿ ಸೊಪ್ಪು ತರೋಕೆ ಫ್ರಾನ್ಸಿಗೆ ಹೋಗ್ತಾ ಇದೀನಪ್ಪ."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಹೆಮ್ಮೆ ಪಡಬೇಕೋ, ಬೈಯಬೇಕೋ ಗೊತ್ತಾಗಲಿಲ್ಲವೇನೋ :)

ನಾನಿರೋದು ಜರ್ಮನಿಯ ಅಂಚಿನಲ್ಲಿರುವ ಕೇಲ್ ಅನ್ನೋ ಪುಟ್ಟ ಊರಲ್ಲಿ. ರೈನ್ ನದಿ ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬುರ್ಗ್. ಅಲ್ಲಿನ ಟ್ರಾಮು 2017ರಿಂದ ನಮ್ಮೂರಿಗೂ ಬರುತ್ತದೆ. ಕೆಲವೇ ನಿಮಿಷದಲ್ಲಿ ಇನ್ನೊಂದು ದೇಶ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಆಗಿದ್ದು ನಮ್ಮಲ್ಲಿ ಯಾಕಾಗಲ್ಲ? ನಾವೂ ಪಾಕಿಸ್ತಾನದವರೂ ವಿಶ್ವಸಂಸ್ಥೇಲಿ ಸದಸ್ಯರೇ ತಾನೆ?"

ಅದು ಸುಮ್ಮನೆ ಕೇಳಿದ ಪ್ರಶ್ನೆ ಅಲ್ಲ. ನನ್ನ ಚಿಕ್ಕಪ್ಪನ ಮಗ ಸೇನೆಯಲ್ಲಿದ್ದಾನೆ. 2025ರ ಮೇ ತಿಂಗಳಲ್ಲಿ ಎರಡೂ ದೇಶಗಳ ನಡುವೆ ನಾಲ್ಕು ದಿನ ಕ್ಷಿಪಣಿ, ಡ್ರೋನು ಹಾರಾಡಿದಾಗ ಅವನ ಫೋನು ಸಿಗುತ್ತಿರಲಿಲ್ಲ. ಚಿಕ್ಕಮ್ಮ ಆ ನಾಲ್ಕು ರಾತ್ರಿ ಟೀವಿ ಮುಂದಿನಿಂದ ಎದ್ದಿರಲಿಲ್ಲ. ಆ ವರ್ಷ ಪಾಕಿಸ್ತಾನ ಭದ್ರತಾ ಮಂಡಳಿಯ ತಾತ್ಕಾಲಿಕ ಸದಸ್ಯ ಕೂಡ ಆಗಿತ್ತು!

ಫೋನಿಟ್ಟ ಮೇಲೆ ನಮ್ಮ ಮನೆ ಓನರ್ ಅಜ್ಜಿ ನೆನಪಾದರು. 1944ರ ನವೆಂಬರಿನಲ್ಲಿ ಯುದ್ಧ ಹತ್ತಿರ ಬಂದಾಗ ಕೇಲ್ ಊರಿಗೆ ಊರನ್ನೇ ಖಾಲಿ ಮಾಡಿಸಿದರು. ಆಗ ಅಜ್ಜಿಗೆ ನಾಲ್ಕು ವರ್ಷ. ಯುದ್ಧ ಮುಗಿದರೂ ಮನೆಗೆ ಬರೋ ಹಾಗಿರಲಿಲ್ಲ. ಊರು ಫ್ರಾನ್ಸಿನ ಕೈಯಲ್ಲಿತ್ತು. ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಟ್ಟು, ಪೂರ್ತಿ ವಾಪಸ್ ಸಿಕ್ಕಿದ್ದು 1953ರಲ್ಲಿ. ಆಚೆ ದಡದ ಕಥೆ ಇನ್ನೂ ವಿಚಿತ್ರ. 1870ರಲ್ಲಿ ಸ್ಟ್ರಾಸ್‌ಬುರ್ಗಿನಲ್ಲಿ ಹುಟ್ಟಿ 75 ವರ್ಷ ಬದುಕಿದವರು ಮನೆ ಬದಲಿಸದೆಯೇ ನಾಲ್ಕು ಸಲ ದೇಶ ಬದಲಿಸಿರುತ್ತಾರೆ: ಫ್ರಾನ್ಸಿನಿಂದ ಜರ್ಮನಿ, ಮತ್ತೆ ಫ್ರಾನ್ಸ್, ಮತ್ತೆ ಜರ್ಮನಿ, ಮತ್ತೆ ಫ್ರಾನ್ಸ್.

ಇಂಥ ಹಗೆ ತಣ್ಣಗಾಗಿದ್ದು ಹೇಗೆ? ಸಂಘಟನೆ ಸೇರಿದ್ದರಿಂದಲಾ? ಹಾಗಿದ್ದರೆ ಮೊದಲೇ ಆಗಬೇಕಿತ್ತು. ಜರ್ಮನಿ 1926ರಲ್ಲೇ ಲೀಗ್ ಆಫ್ ನೇಷನ್ಸ್ ಸೇರಿತ್ತು. ಹಿಟ್ಲರ್ ಬಂದ, 1933ರಲ್ಲಿ ಎದ್ದು ಹೊರಟ. ಅದೇ ವರ್ಷ ಜಪಾನೂ ಹೊರಡ್ತೀನಿ ಅಂತು. 1937ರಲ್ಲಿ ಇಟಲಿ. ನಾವು ಮೇಲಿಂಗ್ ಲಿಸ್ಟಿನಿಂದ ಹೆಸರು ತೆಗೆಸಿಕೊಳ್ಳುವಷ್ಟೇ ಸುಲಭ.

ಎರಡನೇ ಸಲ ಲೆಕ್ಕಾಚಾರವೇ ಬೇರೆ. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ ಒಂದು ಪ್ರಸ್ತಾಪ ಇಟ್ಟರು. ಎರಡೂ ದೇಶಗಳ ಕಲ್ಲಿದ್ದಲು, ಉಕ್ಕಿನ ಉತ್ಪಾದನೆಯನ್ನು ಒಂದೇ ಮೇಲ್ವಿಚಾರಣೆಗೆ ಒಪ್ಪಿಸೋಣ ಅಂತ. ಫಿರಂಗಿ ಆಗೋದು ಉಕ್ಕಿನಿಂದ, ಉಕ್ಕು ಕರಗೋದು ಕಲ್ಲಿದ್ದಲಿನಿಂದ. ಆ ಎರಡರ ಲೆಕ್ಕ ಪಕ್ಕದವನಿಗೂ ಗೊತ್ತಿದ್ದರೆ ಕದ್ದುಮುಚ್ಚಿ ಯುದ್ಧಕ್ಕೆ ತಯಾರಾಗೋದು ಹೇಗೆ? 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸಂಬರ್ಗ್ ಸಹಿ ಹಾಕಿದವು. ಇವತ್ತಿನ ಯುರೋಪಿಯನ್ ಒಕ್ಕೂಟದ ಬೇರು ಅದೇ. ಅಮೆರಿಕದ ಸೇನೆ, ರಷ್ಯಾದ ಭಯ ಇವೂ ಸಹಾಯ ಮಾಡಿದವು ಅನ್ನೋದು ನಿಜ. ಆದರೆ ಸರ್ಕಾರಗಳು ತಮ್ಮ ಅಧಿಕಾರದ ಒಂದು ತುಂಡನ್ನ ನಿಜವಾಗಲೂ ಬಿಟ್ಟುಕೊಟ್ಟಿದ್ದು ಅಲ್ಲೇ.

ಸದಸ್ಯತ್ವ ಅನ್ನೋದು ಒಂದು ಕುರ್ಚಿ. ಕುರ್ಚಿ ಹಾಕಿದ್ದಕ್ಕೇ ಜಗಳ ನಿಲ್ಲಲ್ಲ. ಕೈಲಿರೋ ದೊಣ್ಣೆಯನ್ನ ನಡುವೆ ಇಟ್ಟು ಕೂರಬೇಕು.

ವಿಶ್ವಸಂಸ್ಥೆಯಲ್ಲಿ ಇವತ್ತು 193 ಕುರ್ಚಿಗಳಿವೆ. ಪಾಕಿಸ್ತಾನ 1947ರ ಸೆಪ್ಟೆಂಬರ್ 30ರಂದು ಸದಸ್ಯನಾಯಿತು, ಮುಂದಿನ ತಿಂಗಳೇ ಕಾಶ್ಮೀರದ ಯುದ್ಧ ಶುರು. ಹಾಗಂತ ವಿಶ್ವಸಂಸ್ಥೆ ದಂಡ ಅನ್ನಲಾರೆ. 1949ರ ಕದನವಿರಾಮಕ್ಕೂ 1965ರದ್ದಕ್ಕೂ ಅದರ ಪಾತ್ರ ಇತ್ತು. ಹತ್ತಿದ ಬೆಂಕಿ ಆರಿಸೋಕೆ ಬರುತ್ತೆ, ಕಡ್ಡಿ ಗೀರೋದನ್ನ ತಡೆಯೋಕಾಗಲ್ಲ. ಗೀರೋನೇ ವೀಟೋ ಇರುವವನಾದರೆ ಆರಿಸೋಕೂ ಆಗಲ್ಲ. 2022ರ ಫೆಬ್ರವರಿಯಲ್ಲಿ ಉಕ್ರೇನ್ ವಿಷಯದ ನಿರ್ಣಯವನ್ನು ರಷ್ಯಾ ತಾನೇ ತಡೆದದ್ದು ನೋಡಿದ್ದೀವಲ್ಲ.

ಇನ್ನು ನಮ್ಮದೇ ಸಾರ್ಕ್. 1985ರಲ್ಲಿ ಹುಟ್ಟಿತು. ಎರಡು ದೇಶಗಳ ನಡುವಿನ ವಿವಾದಗಳನ್ನು ಇಲ್ಲಿ ಚರ್ಚಿಸುವಂತಿಲ್ಲ ಅಂತ ಅದರ ಸನ್ನದಿನಲ್ಲೇ ಬರೆದಿದೆ! ದೊಣ್ಣೆ ಬೆನ್ನ ಹಿಂದೆ ಇಟ್ಟುಕೊಂಡೇ ಕೂತ ಹಾಗೆ. 2014ರ ಕಠ್ಮಂಡು ಸಭೆಯ ನಂತರ ನಾಯಕರ ಶೃಂಗಸಭೆಯೇ ನಡೆದಿಲ್ಲ.

ಅದಕ್ಕಿಂತ ಗಟ್ಟಿಯಾಗಿ ನಿಂತದ್ದು ಭಾಷಣಗಳಿಲ್ಲದ ಸಿಂಧೂ ಜಲ ಒಪ್ಪಂದ. ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ 1960ರಲ್ಲಿ ಆದದ್ದು. ನದಿ ಹಂಚಿಕೊಂಡರು, ಎರಡೂ ಕಡೆ ಕಮಿಷನರುಗಳನ್ನು ಇಟ್ಟರು, ನೀರಿನ ಲೆಕ್ಕ ಕೊಟ್ಟು ತಗೊಂಡರು. 1965, 1971, 1999ರ ಯುದ್ಧಗಳನ್ನೂ ಅದು ದಾಟಿತು. ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಹತ್ಯೆ ಆದಮೇಲೆ, 2025ರ ಏಪ್ರಿಲ್‌ನಲ್ಲಿ ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ನಂಬಿಕೆ ಸತ್ತರೆ ಅರವತ್ತೈದು ವರ್ಷದ ಒಪ್ಪಂದವೂ ಅಲ್ಲಾಡುತ್ತೆ.

ಇಲ್ಲಾದರೂ ಎಲ್ಲ ಸರಿಯಿದೆಯಾ ಅಂದ್ರೆ ಅದೂ ಇಲ್ಲ. ವಲಸೆಯ ಕಾರಣ ಕೊಟ್ಟು ಜರ್ಮನಿ 2024ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಗಡಿಯಲ್ಲೂ ತಪಾಸಣೆ ಶುರುಮಾಡಿತು. ಒಂದು ಸಂಜೆ ವಾಪಸ್ ಬರುವಾಗ ಟ್ರಾಮಿಗೆ ಪೊಲೀಸರು ಹತ್ತಿದರು. ಇಡೀ ಡಬ್ಬಿಯಲ್ಲಿ ಕಾಗದ ಕೇಳಿದ್ದು ನನ್ನನ್ನೂ ಇನ್ನಿಬ್ಬರನ್ನೂ ಮಾತ್ರ. ಕೊತ್ತಂಬರಿ ಚೀಲ ಕಾಲ ನಡುವೆ ಸಿಕ್ಕಿಸಿಕೊಂಡು ಪಾಸ್‌ಪೋರ್ಟ್ ತೆಗೆದು ತೋರಿಸಿದೆ.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅವರು ನಗಲಿಲ್ಲ. "ನನ್ನಪ್ಪನ ಕಾಲದಲ್ಲಿ ಆ ದಡದಿಂದ ಗುಂಡು ಬರ್ತಿತ್ತು. ಈಗ ಟ್ರಾಮ್ ಬರುತ್ತೆ. ಅದು ತಾನಾಗೇ ಬರ್ತಿರುತ್ತೆ ಅಂದ್ಕೋಬೇಡ" ಅಂದರು.

ಅಪ್ಪನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನಾಳೆ ಭಾನುವಾರ, ಫೋನ್ ಬರುತ್ತೆ. "ಸದಸ್ಯರಾದ್ರೆ ಸಾಲದಪ್ಪ, ಏನನ್ನ ಬಿಟ್ಟುಕೊಟ್ಟು ಸದಸ್ಯರಾದ್ವಿ ಅನ್ನೋದು ಮುಖ್ಯ" ಅಂತ ಹೇಳೋಣ ಅಂದ್ಕೊಂಡಿದೀನಿ. "ಹಾಗಾದ್ರೆ ಮೊದಲು ಬಿಟ್ಟುಕೊಡೋರು ಯಾರು?" ಅಂತ ಅವರು ಕೇಳೇ ಕೇಳ್ತಾರೆ.

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದೆಯಾ?